ಆಲೆಮನೆಯ ನಾಡಿನ ಸಿಹಿ

ಕರ್ನಾಟಕದಲ್ಲಿ ಸಿಹಿತಿಂಡಿಗಳ ಬಗೆಗೆ ದೊರೆಯುವ ಹಳೆಯ ಬರಹಗಳು ಹೆಚ್ಚಾಗಿ ಅರಮನೆಯ ಆಸರೆಯಲ್ಲಿ ಹುಟ್ಟಿದವು. 12ನೆಯ ಶತಮಾನದಲ್ಲಿ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ ಅರಸನ ಊಟವನ್ನು ವಿವರಿಸಿದನು, 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ಕನ್ನಡ ಷಟ್ಪದಿಯಲ್ಲಿ ರಚಿಸಿದನು, ಸಾಗರ ಪಟ್ಟಣಕ್ಕೆ ಅತಿ ಸಮೀಪದ ಕೆಳದಿಯ ಅರಸ ಬಸವಪ್ಪ ನಾಯಕನ ‘ಶಿವತತ್ತ್ವರತ್ನಾಕರ’ದಲ್ಲಿಯೂ ಪಾಕಶಾಸ್ತ್ರಕ್ಕೆ ಎಡೆಯುಂಟು. ಆದರೆ ಮಲೆನಾಡಿನಲ್ಲಿ, ಶರಾವತಿ ನದಿಯ ಹೊಳೆಬಾಗಿಲು ಎಂಬ ಕಡವಿನ ಆಚೀಚೆಯ ಸೀಮೆಯಲ್ಲಿ, ಹೊಸನಗರ ಮತ್ತು ತೀರ್ಥಹಳ್ಳಿಗಳಲ್ಲಿ ಮನೆಮನೆಯ ಸಿಹಿಯನ್ನು ರೂಪಿಸಿದ್ದು ಅರಮನೆಯಲ್ಲ, ಆಲೆಮನೆ.

ಆಲೆಮನೆಯೆಂದರೆ ಗದ್ದೆಯ ಬದಿಯಲ್ಲಿ ಚಪ್ಪರ ಹಾಕಿ ಕಬ್ಬನ್ನು ಅರೆದು ಬೆಲ್ಲ ಕಾಯಿಸುವ ತಾತ್ಕಾಲಿಕ ನೆಲೆ. ಪುಷ್ಯ, ಮಾಘ ಮಾಸಗಳ ಸುಮಾರಿಗೆ ಕೋಣಗಳು ತಿರುಗಿಸುವ ಕಣೆಯಲ್ಲಿ, ಅಂದರೆ ಕಬ್ಬಿನ ಗಾಣದಲ್ಲಿ, ಹಿಂಡಿದ ಹಾಲನ್ನು ಕೊಪ್ಪರಿಗೆಗೆ ಸುರಿದು, ಕೊಳೆ ಬಿಡಿಸಲು ಸ್ವಲ್ಪ ಸುಣ್ಣ ಬೆರೆಸಿ, ನೊರೆ ತೆಗೆಯುತ್ತಾ ಕುದಿಸಲಾಗುತ್ತಿತ್ತು. ಬಂದವರಿಗೆಲ್ಲ ಕಬ್ಬಿನ ಹಾಲನ್ನು ಬೆಲೆಯಿಲ್ಲದೆ ಕೊಡುವುದು ಅಲ್ಲಿನ ರೂಢಿ. ಹಾಲು ಕುಡಿದವನು ಕಾಸು ಕೊಡಲು ಹೋದರೆ ಅದು ಮನೆಯವರಿಗೆ ಮುಜುಗರದ ಮಾತು. ಬಯಲುಸೀಮೆಯವರು ಪಾಕವನ್ನು ಗಟ್ಟಿಮಾಡಿ ಅಚ್ಚಿಗೆ ಹೊಯ್ದರೆ, ಇಲ್ಲಿಯವರು ಅದು ಹರಳುಗಟ್ಟುವ ಮೊದಲೇ ಇಳಿಸಿ, ಜೇನಿನಂತೆ ಹರಿಯುವ ಜೋನಿಬೆಲ್ಲವಾಗಿ ಡಬ್ಬಗಳಲ್ಲಿ ತುಂಬಿಟ್ಟರು. ತಿಂಗಳುಗಟ್ಟಲೆ ಬಿಡದೆ ಸುರಿಯುವ ಮಳೆಯ ತೇವಕ್ಕೆ ಅಚ್ಚುಬೆಲ್ಲ ನೀರೊಡೆಯುವ ಊರಿನಲ್ಲಿ ಇದು ಸಹಜವಾದ ಆಯ್ಕೆಯೇ ಸರಿ.

ಈ ನೆಲದ ಅತ್ಯಂತ ಸೂಕ್ಷ್ಮವಾದ ತಿಂಡಿ ತೊಡದೇವು ಹುಟ್ಟಿದ್ದೂ ಇದೇ ಹಂಗಾಮಿನಲ್ಲಿ. ನೆನೆಸಿದ ಅಕ್ಕಿಯನ್ನು ನುಣ್ಣಗೆ ರುಬ್ಬಿ, ಕಬ್ಬಿನ ಹಾಲು ಬೆರೆಸಿ ತೀರ ತೆಳ್ಳಗಿನ ಹಿಟ್ಟು ಮಾಡಿಕೊಂಡು, ಒಲೆಯ ಮೇಲೆ ಬೋರಲು ಹಾಕಿದ ಮಣ್ಣಿನ ಮಡಕೆಯ ದುಂಡು ಬೆನ್ನಿಗೆ ಎಣ್ಣೆ ಸವರಿ, ಕೋಲಿಗೆ ಸುತ್ತಿದ ಬಟ್ಟೆಯನ್ನು ಹಿಟ್ಟಿನಲ್ಲಿ ಅದ್ದಿ ಒಂದೇ ಬೀಸಿನಲ್ಲಿ ಎಳೆಯಬೇಕು. ಕ್ಷಣಮಾತ್ರದಲ್ಲಿ ಬೆಂದು ಅಂಚು ಬಿಡುವ ಕಾಗದದಂಥ ಹಾಳೆಯನ್ನು ಬಿಸಿಯಿರುವಾಗಲೇ ಎಬ್ಬಿಸಿ ಮುಕ್ಕೋನವಾಗಿ ಮಡಚದಿದ್ದರೆ ಅದು ಗರಿಗರಿಯಾಗಿ ಮುರಿಯುತ್ತದೆ. ಉರಿ ಹೆಚ್ಚಾದರೆ ಸೀಯುತ್ತದೆ, ಕಡಿಮೆಯಾದರೆ ಅಂಟುತ್ತದೆ. ಅಳತೆಯ ಪುಸ್ತಕದಿಂದ ಕಲಿಯಲಾಗದ, ಕೈಯಿಂದ ಕೈಗೆ ದಾಟಿದ ವಿದ್ಯೆಯಿದು. ಹವ್ಯಕರ ಮನೆಗಳಲ್ಲಿ ಇದನ್ನು ಬಿಸಿಹಾಲು, ತುಪ್ಪದೊಂದಿಗೆ ಬಡಿಸುತ್ತಾರೆ. ಕಬ್ಬಿನ ಹಾಲು ಸಿಗದ ದಿನಗಳಲ್ಲಿ ಬೆಲ್ಲದ ನೀರೇ ಗತಿಯಾಯಿತಾದರೂ ಹಳಬರು ಆ ರುಚಿಯನ್ನು ಪೂರ್ತಿ ಒಪ್ಪುವುದಿಲ್ಲ.

ಶ್ರಾವಣದ ಅರಿಸಿನ ಎಲೆಯ ಕಡುಬು, ಹಲಸು ಹಣ್ಣಾದಾಗಿನ ಕಡುಬು ಮತ್ತು ಮುಳ್ಳಕಗಳೂ ಹೀಗೆಯೇ ಋತುವಿಗೆ ಕಟ್ಟುಬಿದ್ದವು. ಜಪಾನಿನ ‘ವಾಗಾಶಿ’, ಅಂದರೆ ಆ ದೇಶದ ಸಾಂಪ್ರದಾಯಿಕ ಸಿಹಿತಿಂಡಿಗಳು, ಈ ಋತುಬದ್ಧತೆಗೆ ಹತ್ತಿರದ ಸಾಟಿ: ಅಲ್ಲಿಯೂ ಅಕ್ಕಿ ಒಂದು ಮುಖ್ಯ ಆಧಾರ, ವಸಂತದಲ್ಲಿ ಚೆರ್ರಿ ಎಲೆ, ಮೇ 5ರ ಹಬ್ಬಕ್ಕೆ ಓಕ್ ಎಲೆ ಸುತ್ತಿದ ಕಡುಬುಗಳು. ಆದರೆ ಎದೋ ಯುಗದಲ್ಲಿ (1603–1868) ಸಕ್ಕರೆ ಜಪಾನಿಗೆ ಬಹಳಷ್ಟು ನಾಗಾಸಾಕಿಯ ಮೂಲಕ ಡಚ್ಚರ ಮತ್ತು ಚೀನೀಯರ ಹಡಗುಗಳಲ್ಲಿ ಬಂದ ದುಬಾರಿ ಸರಕಾಗಿತ್ತು. ಹೀಗಾಗಿ ಉತ್ತಮ ಸಿಹಿಯು ಕ್ಯೋಟೋ ನಗರದ ಅಂಗಡಿಕಾರರ ಕಸುಬಾಗಿ, ಚಹಾಕೂಟದ ಅಲಂಕಾರವಾಗಿ ಬೆಳೆಯಿತು. ಮಲೆನಾಡಿನಲ್ಲಿ ಸಿಹಿಯ ಮೂಲವೇ ಹಿತ್ತಿಲಾಚೆಯ ಗದ್ದೆಯಲ್ಲಿದ್ದುದರಿಂದ ಮಿಠಾಯಿಗಾರರ ಪರಂಪರೆಯೊಂದು ಇಲ್ಲಿ ಬೇರೂರಲಿಲ್ಲ, ಅದರ ಅಗತ್ಯವೂ ಬೀಳಲಿಲ್ಲ.

ಆ ಗದ್ದೆಗಳಿಗೇ ಸಂಚಕಾರ ಬಂದದ್ದು 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನಿಂದ. ಶರಾವತಿ ಕಣಿವೆಯ ಹಳ್ಳಿಗಳು ಹಿನ್ನೀರಿನಡಿ ಸೇರಿ, ಕುಟುಂಬಗಳು ಚದುರಿ, ಹೊಳೆಬಾಗಿಲಿನ ಆಚೆ ದಡದವರು ಸಾಗರದ ಪೇಟೆಗೆ ಬರಲು ದಶಕಗಳ ಕಾಲ ಲಾಂಚನ್ನೇ ನೆಚ್ಚಬೇಕಾಯಿತು. ಈ ಎರಡು ದಡಗಳನ್ನು ಬೆಸೆಯುವ, ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವಿನ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಅಡಿಕೆಯ ತೋಟ ಹಬ್ಬಿದಂತೆ ಕಬ್ಬು ಹಿಂದೆ ಸರಿದು, ಕೋಣಗಳ ಜಾಗಕ್ಕೆ ಯಂತ್ರ ಬಂದಿದೆ. ‘ಆಲೆಮನೆ ಹಬ್ಬ’ಗಳಲ್ಲಿ ಟಿಕೆಟ್ಟು ಪಡೆದು ಕಬ್ಬಿನ ಹಾಲು ಕುಡಿಯುವುದೂ ಉಂಟು. ತೊಡದೇವು ಮಾತ್ರ ಎಂದೂ ಕಾಣದ ಅಂಗಡಿಯನ್ನು ಈಗ ಕಂಡಿದೆ: ಮನೆಗಳಲ್ಲಿ ಹೆಂಗಸರು ತಯಾರಿಸಿದ ಹಾಳೆಗಳು ಪೊಟ್ಟಣಗಳಲ್ಲಿ ಸಾಗರ, ಶಿರಸಿಗಳಿಂದ ಬೆಂಗಳೂರಿನವರೆಗೆ ವರ್ಷವಿಡೀ ಮಾರಾಟವಾಗುತ್ತವೆ.