ಗುಳೇ ಹೋಗಿ ತಿರುಗಿ ಬಂದ ಊರು: ಗುಳೇದಗುಡ್ಡದ ಕಥೆ

ಇಳಕಲ್ಲ ಸೀರಿ, ಗುಳೇದಗುಡ್ಡದ ಖಣ. ಈ ಜೋಡಿ ಮಾತನ್ನು ನಮ್ಮ ಕಡೆ ಕೇಳದವರಿಲ್ಲ. ಸೀರೆಯ ಬಗ್ಗೆ ಬರೆದವರು ಬಹಳ ಮಂದಿ, ಖಣದ ಬಗ್ಗೆ ಕಡಿಮೆ, ಖಣ ನೇಯ್ದ ಊರಿನ ಬಗ್ಗೆ ಇನ್ನೂ ಕಡಿಮೆ. ಬಾದಾಮಿಯಿಂದ 20 ಕಿ.ಮೀ. ಆಸುಪಾಸಿನಲ್ಲಿರುವ ಊರು. ಗುಹೆ ನೋಡಲು ಬಂದ ಪ್ರವಾಸಿಗರು ಪಟ್ಟದಕಲ್ಲು, ಐಹೊಳೆಯ ಹಾದಿ ಹಿಡಿಯುತ್ತಾರೆ, ಇತ್ತ ಹೊರಳುವುದು ಅಪರೂಪ.

ಊರಿನ ಹೆಸರನ್ನೇ ಒಮ್ಮೆ ಬಿಡಿಸಿ ನೋಡಿ. ಅದರಲ್ಲಿ ಗುಡ್ಡ ಇದೆ, ಗುಳೇಯೂ ಇದೆ. ಗುಳೇ ಎಂದರೆ ಏನೆಂದು ಉತ್ತರ ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಿಲ್ಲ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಜಡಿದು, ಮುದುಕರನ್ನು ಊರಲ್ಲಿ ಬಿಟ್ಟು, ಗಂಟುಮೂಟೆ ಕಟ್ಟಿ ಗೋವಾಕ್ಕೋ ಮಂಗಳೂರಿಗೋ ಹೊರಡುವುದಕ್ಕೆ ನಾವು ಗುಳೇ ಅನ್ನುತ್ತೇವೆ. ಗುಳೇ ಬಂದವರು ನೆಲೆ ನಿಂತ ಗುಡ್ಡ, ಅದಕ್ಕೇ ಗುಳೇದಗುಡ್ಡ ಎಂಬುದು ಜನರ ವಿವರಣೆ. ಹೆಸರಿನ ಮೂಲದ ಬಗ್ಗೆ ಪಂಡಿತರು ಏನೇ ಹೇಳಲಿ, ಊರಿನ ನಾಲ್ಕು ನೂರು ವರ್ಷದ ಕಥೆ ಓದಿದರೆ ಈ ವಿವರಣೆಯೇ ಸರಿಹೊಂದುತ್ತದೆ.

ಮೊದಲು ಬಂದದ್ದು ಗುಡ್ಡದ ಮೇಲಿನ ಕೋಟೆ. ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹಿಯ ಅಪ್ಪಣೆಯಂತೆ 1580ರಲ್ಲಿ ಕಟ್ಟಿದರೆಂದು ಬ್ರಿಟಿಷ್ ಕಾಲದ ಗೆಜೆಟಿಯರು ಹೇಳುತ್ತದೆ. ಆ ವರ್ಷವೇ ಪಟ್ಟಕ್ಕೆ ಬಂದ ಈ ಸುಲ್ತಾನನಿಗೆ ಆಗ ಒಂಬತ್ತೇ ವರ್ಷ! ಹೆಸರು ಅವನದು, ಕಾರುಬಾರು ದರ್ಬಾರಿನ ದೊಡ್ಡವರದು ಎಂದು ತಿಳಿದುಕೊಳ್ಳಬೇಕು. ಈಗಿನ ಪೇಟೆ ಹುಟ್ಟಿದ್ದು ಆಮೇಲೆ, 1705-06ರ ಹೊತ್ತಿಗೆ. ಅದನ್ನು ಕಟ್ಟಿದ ಜಾಗವೆಂದರೆ ಬತ್ತಿಹೋಗಿದ್ದ ಒಂದು ಕೆರೆಯ ಅಂಗಳ. ನೀರು ಹೋದಲ್ಲಿ ಊರು ಬಂತು.

ಆ ಕಾಲದಲ್ಲಿ ಪೇಟೆ ಕಟ್ಟುವುದೆಂದರೆ ಬರೀ ಮನೆ ಕಟ್ಟುವುದಲ್ಲ. ನೇಕಾರರನ್ನು, ಬಣಜಿಗರನ್ನು, ಬಣ್ಣ ಹಾಕುವವರನ್ನು ಕರೆತಂದು ಕೂರಿಸಬೇಕು. ಇಷ್ಟು ವರ್ಷ ತೆರಿಗೆ ಇಲ್ಲ, ನಿಮಗೆ ಯಾರೂ ತೊಂದರೆ ಕೊಡುವುದಿಲ್ಲ ಎಂದು ಮಾತು ಕೊಡಬೇಕು. ಹೀಗೆ ಕೊಡುವ ಮಾತಿಗೆ ಕೌಲು ಎನ್ನುತ್ತಿದ್ದರು. ಮಗ್ಗಕ್ಕೆ ಇಷ್ಟು ಎಂದು ತೆರಿಗೆ ಬರುತ್ತಿದ್ದುದರಿಂದ ಅರಸರಿಗೂ ದೇಸಾಯರಿಗೂ ನೇಕಾರ ಬೇಕಾದವನು. ಮಳೆ ಹೋದರೆ ಹೊಲದ ಕಂದಾಯ ಹೋಗುತ್ತದೆ, ಆದರೆ ಮಗ್ಗ ಒಣಗುವುದಿಲ್ಲ ಎಂಬ ಲೆಕ್ಕ ಅವರದು. ಈ ಲೆಕ್ಕ ಯಾವಾಗಲೂ ಸರಿಬರುತ್ತಿರಲಿಲ್ಲ, ಅದನ್ನು ಮುಂದೆ ನೋಡೋಣ.

ಕೌಲಿನ ಮಾತು ದಂಡು ಬರುವ ತನಕ ಮಾತ್ರ. 1750ರಲ್ಲಿ ಪೇಶ್ವೆಯ ಕಡೆಯವರು ಬಂದು ಊರು ಸೂರೆ ಮಾಡಿದರು. 1786ರಲ್ಲಿ ಮರಾಠರು ಮತ್ತು ನಿಜಾಮರು ಕೂಡಿ ಟಿಪ್ಪುವಿನ ಕೈಯಿಂದ ಬಾದಾಮಿ ಕಿತ್ತುಕೊಂಡರು. ಆ ಜಗಳದ ಮುಂದುವರಿಕೆಯಲ್ಲಿ 1787ರಲ್ಲಿ ಟಿಪ್ಪುವಿನ ಸೈನ್ಯ ಗುಳೇದಗುಡ್ಡವನ್ನು ಹಿಡಿದು ಕೊಳ್ಳೆ ಹೊಡೆಯಿತು. ಜನ ಊರು ಬಿಟ್ಟರು. ಜಾಲಿಹಾಳದ ದೇಸಾಯರು ಅವರನ್ನು ಒಲಿಸಿ ಕರೆತಂದರು. ಮತ್ತೆ ಲೂಟಿಯಾಯಿತು, ಮತ್ತೆ ಬಿಟ್ಟರು. ಇದರ ನಡುವೆ 1791-92ರಲ್ಲಿ ಈ ಸೀಮೆಯ ಮೇಲೆ ಬಂದದ್ದು ಡೋಗಿ ಬರ. ಡೋಗಿ ಎಂದರೆ ತಲೆಬುರುಡೆ. ಸತ್ತವರನ್ನು ಮಣ್ಣು ಮಾಡಲೂ ಜನ ಸಾಲದೆ ಬಯಲಲ್ಲಿ ಬುರುಡೆಗಳು ಉಳಿದವೆಂದು ಆ ಹೆಸರು ಬಂತು.

ಯಾರ ಸೈನ್ಯ ಒಳ್ಳೆಯದು, ಯಾರದು ಕೆಟ್ಟದ್ದು ಎಂದು ಇವತ್ತು ಫೇಸ್‌ಬುಕ್ಕಿನಲ್ಲಿ ಜಗಳವಾಡುವವರು ಗುಳೇದಗುಡ್ಡದ ಈ ಪುಟ ಓದಬೇಕು. ಮರಾಠರು ಬಂದರೂ ಲೂಟಿ, ಮೈಸೂರಿನವರು ಬಂದರೂ ಲೂಟಿ. ನೇಕಾರನ ಮನೆಯ ರೇಷ್ಮೆ ಯಾರ ಕೈಗೆ ಹೋದರೂ ಹೋದದ್ದೇ.

1818ರ ಆರಂಭದಲ್ಲಿ ಥಾಮಸ್ ಮನ್ರೊ ಬಾದಾಮಿ ಗೆದ್ದ. ಆಗ ಗುಳೇದಗುಡ್ಡವೂ ಇಂಗ್ಲಿಷರ ಕೈಗೆ ಬಂತು. ಪಾಳುಬಿದ್ದ ಪೇಟೆ ನೋಡಿ ಅವನೂ ಹಳೆಯ ದಾರಿಯನ್ನೇ ಹಿಡಿದ: ದೇಸಾಯರ ಮೂಲಕ ಹೇಳಿಕಳಿಸಿ ಜನರನ್ನು ತಿರುಗಿ ಕರೆಸಿಕೊಂಡ. ಜನ ಬಂದರು.

ಹೀಗೆ ಪದೇ ಪದೇ ಹೋಗಿ ಪದೇ ಪದೇ ಬರುವುದು ಹೇಗೆ ಸಾಧ್ಯವಾಯಿತು? ಇದಕ್ಕೆ ಉತ್ತರ ಮಗ್ಗದಲ್ಲೇ ಇದೆ ಎಂದು ನನಗೆ ಅನಿಸುತ್ತದೆ. ಖಣ ನೇಯುವುದು ಕುಣಿ ಮಗ್ಗದಲ್ಲಿ. ಮನೆಯೊಳಗೆ ನೆಲದಲ್ಲಿ ಒಂದು ಕುಣಿ ತೋಡಿರುತ್ತಾರೆ. ನೇಕಾರ ಅದರೊಳಗೆ ಕಾಲು ಇಳಿಬಿಟ್ಟು ನೆಲದ ಮಟ್ಟಕ್ಕೆ ಕೂರುತ್ತಾನೆ, ಕಾಲಿನಿಂದ ಹಲಗೆ ಒತ್ತುತ್ತಾನೆ, ಕೈಯಿಂದ ಲಾಳಿ ಓಡಿಸುತ್ತಾನೆ. ಓಡಿಹೋಗುವ ದಿನ ಬಂದರೆ ಮಗ್ಗದ ಕಟ್ಟಿಗೆ ಬಿಚ್ಚಬಹುದು, ಲಾಳಿ, ಹಣಿಗೆ, ನೂಲು ಗಂಟು ಕಟ್ಟಬಹುದು. ಕುಣಿ ಮಾತ್ರ ಅಲ್ಲೇ ಉಳಿಯುತ್ತದೆ, ಅದನ್ನು ಯಾವ ದಂಡೂ ಹೊತ್ತೊಯ್ಯುವುದಿಲ್ಲ. ತಿರುಗಿ ಬಂದವನಿಗೆ ಮನೆಯ ಮಾಡು ಬಿದ್ದಿದ್ದರೂ ಕೆಲಸದ ಜಾಗ ಇರುತ್ತಿತ್ತು.

ಬಂದವರು ಬೇಗ ಚೇತರಿಸಿಕೊಂಡರು. ಸೊಲ್ಲಾಪುರ, ಪುಣೆ, ಕೊಂಕಣ, ಮುಂಬಯಿಗೆ ಇಲ್ಲಿಯ ಹತ್ತಿ ಮತ್ತು ರೇಷ್ಮೆಯ ಬಟ್ಟೆ ಹೋಗತೊಡಗಿತು. 1851ರಲ್ಲಿ ಬಾಸೆಲ್ ಮಿಷನ್ನಿನವರು ಇಲ್ಲಿ ಕೇಂದ್ರ ತೆರೆದರು, ಶಾಲೆಗಳು ಬಂದವು. 1880ರ ದಶಕದಲ್ಲಿ ಗದಗ-ಹೋಟಗಿ ರೈಲು ಹಳಿ ಬಿತ್ತು. ರೈಲು ಊರೊಳಗೆ ಬರಲಿಲ್ಲ. ನಿಲ್ದಾಣದ ಹೆಸರು ಇವತ್ತಿಗೂ ‘ಗುಳೇದಗುಡ್ಡ ರೋಡ್’. ರೈಲ್ವೆಯವರು ಹೆಸರಿನ ಮುಂದೆ ರೋಡ್ ಎಂದು ಸೇರಿಸಿದರೆ, ಇಲ್ಲಿ ಇಳಿದು ಇನ್ನೂ ದಾರಿ ಸವೆಸಬೇಕು ಎಂದು ಅರ್ಥ. 1901ರ ಜನಗಣತಿಯ ಹೊತ್ತಿಗೆ ಊರಿನ ಜನಸಂಖ್ಯೆ 16 ಸಾವಿರ ದಾಟಿತ್ತು. ಆ ಕಾಲಕ್ಕೆ ಅದು ಸಣ್ಣ ಊರಲ್ಲ.

ನಡುವೆ 1876-78ರ ದೊಡ್ಡ ಬರ ಬಂತು. ಆಗ ಇದು ಕಲಾದಗಿ ಜಿಲ್ಲೆ, ಮುಂಬಯಿ ಪ್ರಾಂತ್ಯದಲ್ಲಿ ಬಹಳ ಪೆಟ್ಟು ತಿಂದ ಜಿಲ್ಲೆಗಳಲ್ಲೊಂದು. ಮಗ್ಗ ಒಣಗುವುದಿಲ್ಲ ಎಂಬ ಲೆಕ್ಕ ತಪ್ಪುವುದು ಇಲ್ಲೇ. ಬರ ಬಂದಾಗ ರೈತ ಮೊದಲು ನಿಲ್ಲಿಸುವುದು ಬಟ್ಟೆ ಕೊಳ್ಳುವುದನ್ನು. ಜೋಳ ಬೆಳೆಯದಿದ್ದರೆ ಖಣ ಹೋಗುವುದಿಲ್ಲ. ನೇಕಾರನಿಗೆ ಹೊಲ ಇಲ್ಲದಿದ್ದರೂ ಮಳೆಯ ಜೊತೆಗಿನ ಅವನ ನಂಟು ರೈತನಷ್ಟೇ ಗಟ್ಟಿ.

ಇಷ್ಟಕ್ಕೂ ಖಣದಲ್ಲಿ ಅಂಥದ್ದೇನಿದೆ? ಸಾಮಾನ್ಯ ಬಟ್ಟೆಗೆ ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು. ಖಣದಲ್ಲಿ ಹಾಸಿನ ಜೊತೆ ಇನ್ನೊಂದು ಹೆಚ್ಚುವರಿ ಹಾಸು ಸೇರುತ್ತದೆ, ಚಿತ್ತಾರ ಮೂಡುವುದು ಅದರಿಂದ. ಹೀಗಾಗಿ ಚಿತ್ತಾರಗಳು ಬಟ್ಟೆಯ ಉದ್ದಕ್ಕೆ ಸಾಲುಗಟ್ಟಿ ನಿಲ್ಲುತ್ತವೆ. ಮಗ್ಗಕ್ಕೆ ಹಾಸು ಏರಿಸುವ ಮೊದಲೇ ಎಲ್ಲ ತೀರ್ಮಾನವಾಗಿರಬೇಕು, ಅರ್ಧಕ್ಕೆ ಮನಸ್ಸು ಬದಲಿಸುವಂತಿಲ್ಲ. ಎರಡೂ ಅಂಚಿನಲ್ಲಿ ದಡಿ ಇರುತ್ತದೆ. ಕುಬಸ ಹೊಲಿದಾಗ ಆ ದಡಿ ಎರಡು ತೋಳಿಗೆ ಬರುತ್ತದೆ. ಚಿತ್ತಾರಕ್ಕೆಲ್ಲ ಹೆಸರಿದೆ: ತೇರು, ಆನೆಹೆಜ್ಜೆ, ಸೂರ್ಯನಾರಾಯಣ, ಸಿದ್ಧೇಶ್ವರ ಮುಖ, ಕಳಾವರ. ಕಣ್ಣೆದುರಿನ ಜಾತ್ರೆ, ದೇವರು, ದಾರಿಯೆಲ್ಲ ಹೆಬ್ಬೆರಳಗಲದ ಬಟ್ಟೆಯಲ್ಲಿ ಇಳಿದಿವೆ. ಪಟ್ಟಸಾಲಿ, ಕುರುಹಿನಶೆಟ್ಟಿ, ದೇವಾಂಗ ಹೀಗೆ ಹಲವು ನೇಕಾರ ಸಮುದಾಯಗಳು ಇಲ್ಲಿವೆ. ಮಗ್ಗದ ಮೇಲೆ ಗಂಡಸು ಕಂಡರೂ ಕಂಡಿಕೆ ಸುತ್ತುವುದು, ಎಳೆ ಜೋಡಿಸುವುದು ಹೆಂಗಸರ, ಮುದುಕರ ಕೆಲಸ. ಲೆಕ್ಕದಲ್ಲಿ ಕೂಲಿ ಒಬ್ಬರದು, ದುಡಿಮೆ ಮನೆಮಂದಿಯದು. ಇದರ ಬಗ್ಗೆ ಯಾರೂ ಸಾಕಷ್ಟು ಮಾತಾಡಿಲ್ಲ.

ಖಣ ಇಲ್ಲದೆ ನಮ್ಮ ಕಡೆ ಹೆಣ್ಣುಮಕ್ಕಳ ಯಾವ ಶುಭಕಾರ್ಯವೂ ಮುಗಿಯುವುದಿಲ್ಲ. ಮಗಳು ತವರಿಂದ ಹೊರಟರೆ ಉಡಿ ತುಂಬಬೇಕು. ಅಕ್ಕಿ, ಕೊಬ್ಬರಿ, ಎಲೆ ಅಡಿಕೆ, ಅರಿಶಿನ ಕುಂಕುಮ, ಜೊತೆಗೆ ಒಂದು ಖಣ. ಸವದತ್ತಿ ಯಲ್ಲಮ್ಮನಿಗೂ ಬನಶಂಕರಿಗೂ ಉಡಿ ತುಂಬುವುದು ಖಣದಿಂದಲೇ. ಬಸುರಿಗೆ ಮಾಡುವ ಸೀಮಂತಕ್ಕೆ ಹೆಸರೇ ಕುಬಸ, ಹಸಿರು ಖಣ ಅದಕ್ಕೆ ಬೇಕೇ ಬೇಕು. ಹುಟ್ಟುವ ಮೊದಲೇ ಮಗುವಿಗೆ ಗುಳೇದಗುಡ್ಡದ ನಂಟು ಬೆಳೆಯುತ್ತದೆ ಎಂದರೆ ತಪ್ಪಲ್ಲ.

ಈ ನಂಬಿಕೆಯೇ ಊರನ್ನು ಇಷ್ಟು ದಿನ ಸಾಕಿತು. ಈಗ ಅದೇ ನಂಬಿಕೆ ಊರಿಗೆ ಮುಳ್ಳಾಗಿದೆ. ಉಡಿಗೆ ಖಣ ಬೇಕು, ಆದರೆ ಯಾವ ಖಣವಾದರೂ ನಡೆಯುತ್ತದೆ. ಪವರ್‌ಲೂಮಿನ ಪಾಲಿಯೆಸ್ಟರ್ ಖಣ ಬಂದ ಮೇಲೆ ಅಂಗಡಿಯಿಂದ ಹತ್ತಾರು ತಂದು, ಒಂದು ಮನೆಯ ಉಡಿಯಲ್ಲಿ ಬಂದದ್ದನ್ನು ಇನ್ನೊಂದು ಮನೆಯ ಉಡಿಗೆ ದಾಟಿಸುವುದು ರೂಢಿಯಾಯಿತು. ಯಾರೂ ಹೊಲಿಸಿಕೊಳ್ಳುವುದಿಲ್ಲ. ಹೊಲಿಸಿಕೊಳ್ಳಲು ಮ್ಯಾಚಿಂಗ್ ಬಟ್ಟೆ ಬೇರೆ ಇದೆ. ತೊಡುವ ಬಟ್ಟೆಯಾಗಿದ್ದ ಖಣ ಕೊಟ್ಟು ತೆಗೆದುಕೊಳ್ಳುವ ಶಾಸ್ತ್ರವಾಯಿತು. ಶಾಸ್ತ್ರಕ್ಕೆ ಅಗ್ಗದ್ದು ಸಾಕು.

ಇನ್ನೊಂದು ಕಡೆ ಪುಣೆ, ಮುಂಬಯಿ, ಬೆಂಗಳೂರಿನಲ್ಲಿ ಖಣದ ಸೀರೆ ಹೊಸ ಫ್ಯಾಷನ್. ಇನ್‌ಸ್ಟಾಗ್ರಾಮಿನಲ್ಲಿ ಹುಡುಕಿದರೆ ಕಣ್ಣು ಕುಕ್ಕುವಷ್ಟು ಸಿಗುತ್ತವೆ. ಅದರಲ್ಲಿ ಬಹುಪಾಲು ಯಂತ್ರದ ಮಾಲು. ಗುಳೇದಗುಡ್ಡ ಖಣಕ್ಕೆ ಭೌಗೋಳಿಕ ಸೂಚಕ, ಅಂದರೆ ಜಿಐ ಟ್ಯಾಗ್ ಇದೆ. ಆದರೆ ಹೆಸರು ಕಾಪಾಡುವುದು ಬೇರೆ, ಹೊಟ್ಟೆ ಕಾಪಾಡುವುದು ಬೇರೆ. ಸಾಹುಕಾರ ನೂಲು ಕೊಟ್ಟು ಖಣ ತೆಗೆದುಕೊಂಡು ಮಜೂರಿ ಎಣಿಸುವ ಪದ್ಧತಿಯಲ್ಲಿ ಖಣದ ಮೇಲಿನ ಬೆಲೆ ಏರಿದರೂ ಮಗ್ಗದ ಮುಂದೆ ಕೂತವನ ಕೈಗೆ ಬರುವುದು ಸ್ವಲ್ಪವೇ.

2018ರಿಂದ ಗುಳೇದಗುಡ್ಡ ತಾಲ್ಲೂಕು ಕೇಂದ್ರ. ಅದಕ್ಕೂ ಮೊದಲು ಎಲ್ಲ ಕಾಗದಪತ್ರಕ್ಕೆ ಬಾದಾಮಿಗೆ ಓಡಾಡಬೇಕಿತ್ತು. ಕಚೇರಿ ಬಂದದ್ದು ಒಳ್ಳೆಯದೇ ಆಯಿತು. ಗುಳೇ ಮಾತ್ರ ನಿಂತಿಲ್ಲ. ಮೊದಲಿನಂತೆ ಊರಿಗೆ ಊರೇ ಒಂದೇ ರಾತ್ರಿ ಖಾಲಿಯಾಗುವುದಿಲ್ಲ ಅಷ್ಟೆ. ಮಗ ಬೆಂಗಳೂರಿನಲ್ಲಿ ಕೆಲಸ ಹಿಡಿಯುತ್ತಾನೆ, ಅಪ್ಪನ ಮಂಡಿ ನೋಯುತ್ತದೆ, ಮಗ್ಗ ಅಟ್ಟ ಸೇರುತ್ತದೆ. ಮನೆ ರಿಪೇರಿ ಮಾಡಿಸುವಾಗ ಕುಣಿಗೆ ಮಣ್ಣು ತುಂಬಿ ಮೇಲೆ ಟೈಲ್ಸ್ ಹಾಕಿಸುತ್ತಾರೆ. ಹಾಕಿಸಲಿ, ಯಾರಿಗೆ ಬೇಡ ಚೊಕ್ಕ ನೆಲ? ಆದರೆ ಟಿಪ್ಪುವಿನ ದಂಡು, ಪೇಶ್ವೆಯ ದಂಡು ಮುಟ್ಟದೆ ಬಿಟ್ಟಿದ್ದ ಕುಣಿ ಅದು. ತಿರುಗಿ ಬನ್ನಿ ಎಂದು ಹೇಳಿಕಳಿಸಲು ಈಗ ದೇಸಾಯರೂ ಇಲ್ಲ.

ಮುಂದಿನ ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೆ ಹೋಗುವವರು, ಮನೆಯಲ್ಲಿ ಕುಬಸ ಇಟ್ಟುಕೊಂಡವರು ಒಂದು ಖಣವನ್ನಾದರೂ ಕೈಮಗ್ಗದ್ದು ಕೇಳಿ ತೆಗೆದುಕೊಳ್ಳಿ. ಹ್ಯಾಂಡ್‌ಲೂಮ್ ಮಾರ್ಕ್ ಚೀಟಿ ಇದೆಯೇ ನೋಡಿ. ಅಂಗಡಿಯವರು ರೇಷ್ಮೆ ಎಂದು ಹೇಳಿ ಕೊಟ್ಟಿದ್ದರೆ ಮನೆಗೆ ಬಂದು ಚಿತ್ತಾರದ ಒಂದು ಎಳೆ ಕಿತ್ತು ಬೆಂಕಿಗೆ ಹಿಡಿಯಿರಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಗುಂಡಾಗುತ್ತದೆ.