ಮನೆಯೊಳಗೆ ಹುಟ್ಟಿದ ಬಾನುಲಿ

ಮಲೆನಾಡಿನ ದೇವರಮನೆ ಬೆಟ್ಟದ ತಪ್ಪಲಲ್ಲಿ ಯಾರಾದರೂ ಮನೆಯಲ್ಲೇ ಧ್ವನಿಮುದ್ರಣದ ಸ್ಟುಡಿಯೊ ಹೂಡಲು ಹೊರಟರೆ ಅದು ಹೊಸ ಹುಚ್ಚೇನಲ್ಲ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದಲೇ 30 ವ್ಯಾಟ್‌ನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ‘ಆಕಾಶವಾಣಿ’ ಆರಂಭಿಸಿದ್ದರು. ಅದು ಪ್ರಸಾರ, ಧ್ವನಿಮುದ್ರಣವಲ್ಲ ಎಂದು ಆಕ್ಷೇಪಿಸಬಹುದು. ಆದರೆ ಮೈಕಿನಿಂದ ಬರುವ ಕ್ಷೀಣ ಸಂಕೇತವನ್ನು ಕೆಡಿಸದೆ ಹಿಗ್ಗಿಸುವ ಸಮಸ್ಯೆ ಎರಡಕ್ಕೂ ಒಂದೇ. ಇಂದಿನ ಆಡಿಯೊ ಇಂಟರ್‌ಫೇಸ್ ಆ ಕೆಲಸದ ಜೊತೆಗೆ ಸಂಕೇತವನ್ನು ಅಂಕಿಗಳಾಗಿಸಿ ಕಂಪ್ಯೂಟರಿಗೆ ಕೊಡುತ್ತದೆ, ಅಷ್ಟೆ. ಹಾಗಾಗಿ ಒಬ್ಬರೇ ಹಾಡುವುದಾದರೆ ಎಂಟು ಇನ್‌ಪುಟ್‌ನ ಇಂಟರ್‌ಫೇಸ್ ಬೇಡ. ಸಂಕೇತ ಹಿಗ್ಗಿಸುವಾಗ ತನ್ನದೇ ಸದ್ದು ಹೆಚ್ಚು ಸೇರಿಸದ ಪ್ರಿ-ಆಂಪ್ ಇರುವ ಎರಡು ಇನ್‌ಪುಟ್ ಸಾಕು, ಕಂಡೆನ್ಸರ್ ಮೈಕಾದರೆ ಸಾಮಾನ್ಯವಾಗಿ 48 ವೋಲ್ಟ್‌ನ ಫ್ಯಾಂಟಮ್ ಪವರ್ ಬೇಕು. ಆದರೆ ಹೆಂಚಿನ ಮೇಲೆ ಬಡಿಯುವ ಮಲೆನಾಡಿನ ಮಳೆಯ ಸದ್ದನ್ನು ಯಾವ ದುಬಾರಿ ಇಂಟರ್‌ಫೇಸ್ ಕೂಡ ತಡೆಯದು. ಹಣ ಮೊದಲು ಕೋಣೆಗೆ ಸಲ್ಲಬೇಕು.