ಅಂಕಿಗಳಲ್ಲಿ ಬರೆದಿಟ್ಟ ಗಂಟೆಯ ನಾದ

ಬೇಡವೆಂದು ಅಟ್ಟಕ್ಕೇರಿಸಿದ ವಸ್ತುವನ್ನು ಮುಂದಿನ ತಲೆಮಾರು ಹುಡುಕಿ ಕೆಳಗಿಳಿಸುವುದು ನಮ್ಮ ಮನೆಗಳಲ್ಲಿ ಹೊಸದೇನಲ್ಲ. ಸ್ಟೀಲು ಬಂದಾಗ ಹಿತ್ತಾಳೆಯ ಕೊಡಪಾನಗಳನ್ನು ತೂಕಕ್ಕೆ ಹಾಕಿದವರು ನಾವೇ. ಈಗ ಅಂಥದೇ ಒಂದನ್ನು ದುಬಾರಿ ಬೆಲೆಗೆ ತಂದು ಹಜಾರದಲ್ಲಿ ಹೊಳೆಯಿಸಿ ಇಡುವವರೂ ನಾವೇ. ವಾದ್ಯಗಳಿಗೂ ಈ ಏಳುಬೀಳು ತಪ್ಪಿದ್ದಲ್ಲ. ಒಂದು ಕಾಲದಲ್ಲಿ ಜಗತ್ತನ್ನೇ ಗೆದ್ದು, ಆಮೇಲೆ ‘ಜೀವವಿಲ್ಲದ ಪ್ಲಾಸ್ಟಿಕ್ ದನಿ’ ಎನ್ನಿಸಿಕೊಂಡ ಒಂದು ಕೀಬೋರ್ಡಿನ ಕಥೆಯನ್ನು ಇಲ್ಲಿ ಹೇಳಬೇಕೆನಿಸಿದೆ. ಅದರ ಹೆಸರು ಯಮಹಾ ಡಿ.ಎಕ್ಸ್. 7. ಹುಟ್ಟಿದ್ದು 1983ರಲ್ಲಿ.

ಯಮಹಾ ಎಂದರೆ ನಮಗೆ ಮೊದಲು ನೆನಪಾಗುವುದು ಮೋಟಾರ್ ಸೈಕಲ್. ಆದರೆ ಆ ಸಂಸ್ಥೆಯ ಮೂಲ ಒಂದು ಪ್ರಾಥಮಿಕ ಶಾಲೆಯಲ್ಲಿದೆ ಎಂಬುದು ಶಿಕ್ಷಕಿಯಾದ ನನಗೆ ಬಹಳ ಹಿಡಿಸಿದ ಸಂಗತಿ. 1887ರಲ್ಲಿ ಜಪಾನಿನ ಹಮಾಮಾತ್ಸು ಪಟ್ಟಣದ ಶಾಲೆಯ ರೀಡ್ ಆರ್ಗನ್ ಕೆಟ್ಟಿತು. ಅದು ನಮ್ಮ ಹಾರ್ಮೋನಿಯಮ್ಮಿನ ದೊಡ್ಡಕ್ಕನಂಥ ವಾದ್ಯ. ರಿಪೇರಿಗೆ ಬಂದ ತೊರಾಕುಸು ಯಮಹಾ ಎಂಬಾತ ಅದನ್ನು ಬಿಚ್ಚಿ ನೋಡಿ, ತಾನೇ ಒಂದನ್ನು ಮಾಡಬಲ್ಲೆ ಎಂದು ಹೊರಟ. ಮಾಡಿದ ವಾದ್ಯವನ್ನು ಇನ್ನೊಬ್ಬನ ಜೊತೆ ಹೆಗಲ ಮೇಲೆ ಹೊತ್ತು, ಹಕೋನೆ ಘಟ್ಟ ಹತ್ತಿಳಿದು ಟೋಕಿಯೋಗೆ ಒಯ್ದನಂತೆ. ಅಲ್ಲಿಯ ವಿದ್ವಾಂಸರು ಶ್ರುತಿ ಸರಿಯಿಲ್ಲ ಎಂದಾಗ ಅಲ್ಲೇ ನಿಂತು ಸಂಗೀತಶಾಸ್ತ್ರ ಕಲಿತು ಬಂದನಂತೆ. ಕಿವಿಗೆ ಒಪ್ಪುವವರೆಗೆ ಬಿಡದ ಈ ಹಟವೇ ಮುಂದೆ ಡಿ.ಎಕ್ಸ್. 7ರಲ್ಲೂ ಕಾಣುತ್ತದೆ.

ಆದರೆ ಅದರ ಒಳಗಿನ ವಿದ್ಯೆ ಜಪಾನಿನದಲ್ಲ, ಅಮೆರಿಕದ್ದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಚೌನಿಂಗ್ ಎಂಜಿನಿಯರರಲ್ಲ, ಸಂಗೀತ ರಚಿಸುವವರು. 1967ರಲ್ಲಿ ಅವರು ಕಂಪ್ಯೂಟರಿನಲ್ಲಿ ಒಂದು ಸ್ವರಕ್ಕೆ ಕಂಪನ ಕೊಟ್ಟು ನೋಡುತ್ತಿದ್ದರು. ನಮ್ಮ ವೀಣೆಯಲ್ಲಿ ತಂತಿಯನ್ನು ಅಲುಗಿಸಿದರೆ ಸ್ವರ ಓಲಾಡುತ್ತದಲ್ಲ, ಹಾಗೆ. ಸೆಕೆಂಡಿಗೆ ಐದಾರು ಸಲ ಅಲುಗಿದರೆ ಕಿವಿಗೆ ಓಲಾಟವೇ ಕೇಳುತ್ತದೆ. ಆ ವೇಗವನ್ನು ನೂರಾರಕ್ಕೆ ಏರಿಸಿದಾಗ ಓಲಾಟ ಮಾಯವಾಯಿತು. ಸ್ವರದ ಬಣ್ಣವೇ ಬದಲಾಗಿ ಬೇರೆ ವಾದ್ಯದಂತೆ ಕೇಳಿಸಿತು! ಸ್ವರಕ್ಕೂ ಅದನ್ನು ಅಲುಗಿಸುವ ವೇಗಕ್ಕೂ ಒಂದಕ್ಕೆ ಒಂದರ ಅನುಪಾತವಿದ್ದರೆ ತುತ್ತೂರಿಯಂಥ ದನಿ, ಒಂದಕ್ಕೆ 1.4ರಷ್ಟು ಇಟ್ಟರೆ ಗಂಟೆಯಂಥ ದನಿ. ಇದೇ ಫ್ರೀಕ್ವೆನ್ಸಿ ಮಾಡ್ಯುಲೇಷನ್, ನಾವು ರೇಡಿಯೋದಿಂದ ಬಲ್ಲ ‘ಎಫ್.ಎಂ.’ ಗಣಿತದಿಂದ ಹುಟ್ಟಿತೆಂದು ಜನ ಹೇಳುವ ಈ ದನಿ ಮೊದಲು ಹುಟ್ಟಿದ್ದು ಒಬ್ಬ ಸಂಗೀತಗಾರನ ಕಿವಿಯಲ್ಲಿ.

ಆಗ ಅಮೆರಿಕದ ದೊಡ್ಡ ಆರ್ಗನ್ ಕಂಪನಿಗಳಿಗೆ ಇದು ಅರ್ಥವಾಗಲಿಲ್ಲ. ಯಮಹಾದಿಂದ ಬಂದ ಯುವ ಎಂಜಿನಿಯರ್ ಇಶಿಮುರಾ ಕೇಳಿದ ಕೆಲವೇ ನಿಮಿಷಗಳಲ್ಲಿ ಅರ್ಥ ಮಾಡಿಕೊಂಡರು. ಚೌನಿಂಗರನ್ನು ಕೆಲಸದಿಂದ ಬಿಟ್ಟಿದ್ದ ವಿಶ್ವವಿದ್ಯಾಲಯವೇ ಅವರನ್ನು ಮತ್ತೆ ಕರೆಸಿಕೊಂಡಿತು. ಆ ಪೇಟೆಂಟಿನಿಂದ ಮುಂದೆ ಅದಕ್ಕೆ ಬಂದದ್ದು ಎರಡು ಕೋಟಿ ಡಾಲರಿಗೂ ಹೆಚ್ಚು. ಇತ್ತ ಯಮಹಾದವರು ಸುಮಾರು ಹತ್ತು ವರ್ಷ ದುಡಿದು, ಕೋಣೆ ತುಂಬುವ ಕಂಪ್ಯೂಟರಿನ ಕೆಲಸವನ್ನು ತೊಡೆಯ ಮೇಲೆ ಹಿಡಿಸುವ ಪೆಟ್ಟಿಗೆಗೆ ಇಳಿಸಿದರು.

ಅದಕ್ಕೆ ಮೊದಲು ಇದ್ದವು ಅನಲಾಗ್ ಸಿಂಥಸೈಸರುಗಳು. ವಿದ್ಯುತ್ತಿನ ಏರಿಳಿತದಿಂದಲೇ ದನಿ ಮಾಡಿ, ಬೇಡದ್ದನ್ನು ಸೋಸಿ ತೆಗೆಯುವ ಕ್ರಮ ಅವುಗಳದು. 1970ರ ಮಿನಿಮೂಗ್ ಒಂದು ಸಲಕ್ಕೆ ಒಂದೇ ಸ್ವರ ನುಡಿಸುತ್ತಿತ್ತು, 1978ರ ಪ್ರಾಫೆಟ್-5 ಐದು ಸ್ವರ. ಸೆಕೆಯೇರಿದರೆ ಶ್ರುತಿ ಜಾರುವುದೂ ಇತ್ತು. ಡಿ.ಎಕ್ಸ್. 7 ಒಮ್ಮೆಗೇ ಹದಿನಾರು ಸ್ವರ ನುಡಿಸಿತು, ಶ್ರುತಿ ಬಿಡಲಿಲ್ಲ, ಬೆಲೆ ಎರಡು ಸಾವಿರ ಡಾಲರಿಗಿಂತ ಐದು ಡಾಲರ್ ಕಡಿಮೆ. ಒಂದೂವರೆ ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಅನಲಾಗ್ ಪೆಟ್ಟಿಗೆಗಳು ಹಳೇ ಸಾಮಾನಿನ ಅಂಗಡಿ ಸೇರಿದವು.

ನಮ್ಮ ಅಣ್ಣನ ಕೈಗೆ ಈ ವಾದ್ಯ ಬಂದದ್ದು 1991ರಲ್ಲಿ. ಗಣಪತಿ ಹಬ್ಬ, ಮದುವೆ, ಜಾತ್ರೆ ಎಂದು ಆರ್ಕೆಸ್ಟ್ರಾದಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವನು ಅವನು. ಮದರಾಸಿನ ವಾದಕರೊಬ್ಬರು ಹೊಸ ಕೀಬೋರ್ಡ್ ಕೊಂಡು ಇದನ್ನು ಮಾರುತ್ತಿದ್ದಾರೆಂದು ತಿಳಿದು, ಸಾಲ ಮಾಡಿ ತಂದ. ಆಗ ತಾನೇ ಕೆಲಸಕ್ಕೆ ಸೇರಿದ್ದ ನನ್ನ ಸಂಬಳದಿಂದಲೂ ತಿಂಗಳಿಗೆ ಮುನ್ನೂರು ರೂಪಾಯಿ ಆ ಸಾಲಕ್ಕೆ ಹೋಗುತ್ತಿತ್ತು. ಹದಿನಾಲ್ಕು ಕಿಲೋ ತೂಕದ ಪೆಟ್ಟಿಗೆಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಊರೂರು ತಿರುಗಿದ. ಎರಡು ಮಕ್ಕಳ ಓದು, ಅತ್ತಿಗೆಯ ಆಪರೇಷನ್ನು, ನಮ್ಮ ಅಪ್ಪನ ಕೊನೆಗಾಲದ ಔಷಧಿ ಎಲ್ಲವೂ ಆ ಅರವತ್ತೊಂದು ಮನೆಗಳ ಮೇಲೆಯೇ ನಡೆದವು.

ಹೊಸ ದನಿ ಕೂಡಿಸುವುದು ಅದರಲ್ಲಿ ಸುಲಭವಿರಲಿಲ್ಲ. ಅನಲಾಗ್‌ನಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ತಿರುಪು ಇರುತ್ತದೆ. ಇಲ್ಲಿ ಎರಡು ಸಾಲಿನ ಪುಟ್ಟ ಪರದೆ, ಒತ್ತಿದ್ದೇ ತಿಳಿಯದ ಚಪ್ಪಟೆ ಗುಂಡಿಗಳು. ಒಂದು ದನಿಗೆ ನೂರೈವತ್ತರಷ್ಟು ಅಂಕಿಗಳನ್ನು ಕೂಡಿಸಬೇಕು. ಹೀಗಾಗಿ ಹೆಚ್ಚಿನವರು ಕಾರ್ಖಾನೆ ಕೊಟ್ಟ ದನಿಗಳನ್ನೇ ನುಡಿಸಿದರು. ಅದರ ಎಲೆಕ್ಟ್ರಿಕ್ ಪಿಯಾನೋ ಎಂಬತ್ತರ ದಶಕದ ಹಾಡುಗಳಲ್ಲೆಲ್ಲ ಕೇಳಿ ಕೇಳಿ ಜನಕ್ಕೆ ಸಾಕಾಯಿತು. ತಿಂಗಳಿಡೀ ಒಂದೇ ಸಾರು ಬಡಿಸಿದರೆ ಯಾರಿಗೆ ಬೇಸರವಾಗದು? ಅದು ಸಾರಿನ ತಪ್ಪಲ್ಲ.

ಅಣ್ಣ ಮಾತ್ರ ಹಾಗೆ ಬಿಡಲಿಲ್ಲ. ಭಕ್ತಿಗೀತೆಗಳಿಗೆ ನಮ್ಮೂರ ಈಶ್ವರನ ಗುಡಿಯ ಗಂಟೆಯೇ ಬೇಕೆಂದು ಹಟ ಹಿಡಿದ. ಸಂಜೆ ಗುಡಿಗೆ ಹೋಗಿ ಗಂಟೆ ಬಾರಿಸಿ ಕೇಳುವುದು, ಮನೆಗೆ ಬಂದು ಅಂಕಿ ತಿದ್ದುವುದು. ಹೀಗೆ ಒಂದು ಮಳೆಗಾಲವೇ ಕಳೆಯಿತು. ಕೊನೆಗೆ ಮೆಲ್ಲಗೆ ಮುಟ್ಟಿದರೆ ದುಂಡಗೆ, ಜೋರಾಗಿ ಒತ್ತಿದರೆ ಕಂಚಿನ ಖಣಿಯೊಂದಿಗೆ ನುಡಿಯುವ ಗಂಟೆ ಸಿದ್ಧವಾಯಿತು. ಬೆರಳಿನ ಬಲಕ್ಕೆ ದನಿ ದೊಡ್ಡದಾಗುವುದಷ್ಟೇ ಅಲ್ಲ, ಅದರ ಬಣ್ಣವೂ ಬದಲಾಗುವುದು ಆ ವಾದ್ಯದ ದೊಡ್ಡ ಗುಣ. ಅದರ ಅಂಕಿಗಳನ್ನೆಲ್ಲ ನನ್ನ ಶಾಲೆಯ ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟ.

ಕಾಲ ಮತ್ತೆ ತಿರುಗಿತು. ಹಳೇ ಅಂಗಡಿ ಸೇರಿದ್ದ ಅನಲಾಗ್ ಪೆಟ್ಟಿಗೆಗಳನ್ನು ಕೈಯಲ್ಲಿ ಕಾಸಿಲ್ಲದ ಹುಡುಗರು ಅಗ್ಗಕ್ಕೆ ಕೊಂಡು ಹೊಸ ಸಂಗೀತ ಕಟ್ಟಿದರು. ಆಮೇಲೆ ಅವುಗಳ ಬೆಲೆ ಗಗನಕ್ಕೇರಿತು. 2016ರಲ್ಲಿ ಮಿನಿಮೂಗ್ ಮತ್ತೆ ಕಾರ್ಖಾನೆಯಿಂದ ಹೊರಬಂತು. ಬೆಂಗಳೂರಿನಲ್ಲಿ ಜಾಹೀರಾತುಗಳಿಗೆ ಸಂಗೀತ ಮಾಡುವ ಅಣ್ಣನ ಮಗನೂ ಲಕ್ಷದ ಹತ್ತಿರ ಸುರಿದು ಒಂದು ಅನಲಾಗ್ ತಂದ. ಊರಿಗೆ ಬಂದಾಗ ಅಪ್ಪನ ಡಿ.ಎಕ್ಸ್. 7 ತೋರಿಸಿ, “ಅತ್ತೆ, ಇದನ್ನ ಕೊಟ್ಟುಬಿಡೋಣ. ಡಿಜಿಟಲ್ ದನಿಯಲ್ಲಿ ಜೀವ ಇರಲ್ಲ” ಎಂದ. ಅಣ್ಣ ಪೇಪರಿನಿಂದ ಮುಖ ಎತ್ತಲಿಲ್ಲ. ಅವನ ಕಿವಿ ಕೆಂಪಾದದ್ದು ನನಗೆ ಕಂಡಿತು.

“ಕೊಡೋದಾದ್ರೆ ಕೊಡು, ಆದ್ರೆ ಒಮ್ಮೆ ಆ ಗಂಟೆ ಕೇಳಿಸು” ಎಂದೆ. ಕೇಳಿಸುವುದೆಲ್ಲಿ? ಒಳಗೆ ಬೆಸುಗೆ ಹಾಕಿದ ನಾಣ್ಯದಷ್ಟು ಬ್ಯಾಟರಿಯೊಂದಿರುತ್ತದೆ. ನೆನಪೆಲ್ಲ ಅದರ ಆಸರೆಯಲ್ಲಿ. ಅದು ಸತ್ತು ದನಿಗಳೆಲ್ಲ ಅಳಿಸಿಹೋಗಿದ್ದವು. ಪೇಟೆಯ ರೇಡಿಯೋ ರಿಪೇರಿಯವರು ಹೊಸ ಬ್ಯಾಟರಿ ಕೂಡಿಸಿಕೊಟ್ಟರು. ನೋಟ್‌ಬುಕ್ ಹಿಡಿದು ನಾನು ಅಂಕಿ ಓದುತ್ತ ಹೋದೆ, ಹುಡುಗ ಒತ್ತುತ್ತ ಹೋದ. ಮುಗಿಯುವಾಗ ದೀಪ ಹಚ್ಚುವ ಹೊತ್ತು. ಗಂಟೆ ನುಡಿಯಿತು. ಒಳಕೋಣೆಯಿಂದ ಅಣ್ಣ, “ಬಾಲ ಗಿಡ್ಡ ಆಯ್ತು. ಅದು ಒಂದಲ್ಲ, ಏಳು ಇರಬೇಕು ನೋಡು” ಎಂದ. ನೋಡಿದರೆ ಹೌದು, ಮಸಿ ಮಾಸಿ 7 ಹೋಗಿ 1 ಆಗಿತ್ತು. ತಿದ್ದಿ ನುಡಿಸಿದಾಗ ಗಂಟೆಯ ಅನುರಣನ ಮೂವತ್ತು ವರ್ಷದ ಹಿಂದಿನಷ್ಟೇ ಉದ್ದಕ್ಕೆ ಸಾಗಿ ಮೆಲ್ಲಗೆ ಕರಗಿತು. ಹುಡುಗ ಮಾತಾಡದೆ ಇನ್ನೊಮ್ಮೆ ಒತ್ತಿದ, ಮತ್ತೊಮ್ಮೆ ಒತ್ತಿದ.

ಅನಲಾಗ್ ವಾದ್ಯದ ದನಿ ಬೆಚ್ಚಗಿರುವುದು ನಿಜ. ತಂತಿವಾದ್ಯಗಳ ಗುಂಪಿನ ತುಂಬುದನಿಗೆ ಡಿ.ಎಕ್ಸ್. 7 ಅದಕ್ಕೆ ಸಾಟಿಯಲ್ಲ. ಆದರೆ ಅಂಕಿಗಳಲ್ಲಿ ಬರೆದಿಟ್ಟ ದನಿಗೆ ಇನ್ನೊಂದು ಹಿರಿಮೆಯಿದೆ. ಅಜ್ಜಿಯ ಉಪ್ಪಿನಕಾಯಿಯ ಅಳತೆಯಂತೆ ಅದನ್ನು ಒಬ್ಬರು ಇನ್ನೊಬ್ಬರ ಕೈಗೆ ಒಂದಿಷ್ಟೂ ಕೆಡದಂತೆ ದಾಟಿಸಬಹುದು. ಪೇಟೆಂಟಿನ ಅವಧಿ 1995ಕ್ಕೆ ಮುಗಿದು ಆ ವಿದ್ಯೆ ಎಲ್ಲರದಾಯಿತು. 2016ರಲ್ಲಿ ಬಂದ ಕೊರ್ಗ್ ಕಂಪನಿಯ ಅಂಗೈಯಗಲದ ವೋಲ್ಕಾ ಎಫ್.ಎಂ. ಕೂಡ ಡಿ.ಎಕ್ಸ್. 7ರ ದನಿಗಳನ್ನು ಓದಿಕೊಳ್ಳುತ್ತದೆ. ಹಾರ್ಮೋನಿಯಮ್ಮನ್ನು ಆಕಾಶವಾಣಿ 1940ರಿಂದ 1971ರವರೆಗೆ ಹೊರಗಿಟ್ಟಿತ್ತು. ಅಷ್ಟರಿಂದ ಅದು ಊರೂರ ಭಜನೆಯಲ್ಲಿ ಮೌನವಾಯಿತೇ? ಜೀವವಿದೆಯೋ ಇಲ್ಲವೋ ಎಂದು ವಾದ್ಯದ ಹೊಟ್ಟೆ ಸೀಳಿ ನೋಡಿದರೆ ಸಿಗುವುದು ತಂತಿ, ಬೆಸುಗೆ ಅಷ್ಟೇ. ಕೇಳಿ ಕೇಳಿ ತಿದ್ದಿದವರ ಕಿವಿಯಲ್ಲಿ ಅದನ್ನು ಹುಡುಕಬೇಕು.

ಕೀಬೋರ್ಡನ್ನು ಯಾರಿಗೂ ಕೊಡಲಿಲ್ಲ. ಅದೀಗ ಬೆಂಗಳೂರಿನಲ್ಲಿ ಆ ಅನಲಾಗ್ ಪೆಟ್ಟಿಗೆಯ ಪಕ್ಕದಲ್ಲಿದೆ. ಅಣ್ಣನ ಅಂಕಿಗಳನ್ನು ನಾನು ಹೊಸ ನೋಟ್‌ಬುಕ್ಕಿಗೆ ನಕಲು ಮಾಡುತ್ತಿದ್ದೇನೆ. ಬ್ಯಾಟರಿ ಇನ್ನೊಮ್ಮೆ ಸತ್ತಾಗ ಓದಿ ಹೇಳಲು ನಾನಿರುತ್ತೇನೋ ಇಲ್ಲವೋ. ಅದಕ್ಕೇ 1 ಮತ್ತು 7ನ್ನು ಒಂದನೇ ತರಗತಿಯ ಕರಿಹಲಗೆಯ ಮೇಲೆ ಬರೆಯುವಷ್ಟು ದುಂಡಗೆ ಬರೆಯುತ್ತಿದ್ದೇನೆ.